ಎರಡು ನೂಲಿಗೆ ಒಂದು ಅಡಿ

ನಮ್ಮ ಸಂಘದ ಪಲ್ಪಿಂಗ್ ಶೆಡ್ಡಿನಲ್ಲಿರುವ ಹಳೆಯ ಪಲ್ಪರಿನ ದೊಡ್ಡ ಹಲ್ಲುಚಕ್ರ ಕಳೆದ ಹಂಗಾಮಿನ ಕೊನೆಯಲ್ಲಿ ಮೂರು ಹಲ್ಲು ಮುರಿದುಕೊಂಡದ್ದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಆ ಮಾದರಿಯ ಬಿಡಿಭಾಗ ಈಗ ಎಲ್ಲಿಯೂ ದೊರೆಯುವುದಿಲ್ಲ. ಮರದ ಪ್ಯಾಟರ್ನ್ ತಂದುಕೊಟ್ಟರೆ ಎರಕ ಹೊಯ್ದು ಕೊಡುತ್ತೇವೆಂದು ಶಿವಮೊಗ್ಗದ ಫೌಂಡ್ರಿಯವರು ಹೇಳಿದರು. ಆದರೆ ಪ್ಯಾಟರ್ನ್ ಮಾಡುವ ಬಡಗಿ ಎಲ್ಲಿದ್ದಾನೆ? ನಾಲ್ಕಾರು ಕಡೆ ವಿಚಾರಿಸಿದ ಮೇಲೆ ಸಿಕ್ಕ ವಿಳಾಸ ಬಂಗಾರಪೇಟೆಯದು. ಕೋಲಾರ ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಮೂವತ್ತಮೂರು ವರ್ಷ ಪ್ಯಾಟರ್ನ್ ಮೇಸ್ತ್ರಿಯಾಗಿದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮನೆಗೆ ಬಂದವರು. ಈಗ ಎಪ್ಪತ್ತೇಳು ವರ್ಷ. ಮಗಳ ಮನೆಯಲ್ಲಿ ವಾಸ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿರುವುದರಿಂದ ಇಲ್ಲಿ ಮೇಸ್ತ್ರಿಗಳೆಂದೇ ಕರೆಯುತ್ತೇವೆ.

ಹಲ್ಲುಚಕ್ರದ ಸಮಾಚಾರ ಮೊದಲು ಮುಗಿಸಿಬಿಡೋಣ. ಚಕ್ರ ಸಿದ್ಧವಾಗಿ ಶೆಡ್ಡಿನಲ್ಲಿ ತಿರುಗುತ್ತಿದೆ, ವೆಚ್ಚದ ವಿವರ ವಾರ್ಷಿಕ ವರದಿಯಲ್ಲಿ ಬರುತ್ತದೆ. ಈ ಲೇಖನ ಬರೆಯಲು ಕೂತದ್ದು ಅವರ ಕೆಲಸದ ಮೇಜಿನ ಮೇಲೆ ನಾವು ಕಂಡ ಇನ್ನೊಂದು ವಸ್ತುವಿಗಾಗಿ. ಅದು ನೀರಿನ ಮೇಲೆ ಇಳಿದು ನೀರಿನಿಂದಲೇ ಏರುವ ಒಂದು ಹಳೆಯ ವಿಮಾನದ ಮಾದರಿ. ಮೂರು ವರ್ಷದಿಂದ ಅದರ ಕೆಲಸ ನಡೆದಿದೆ.

ನೀರುವಿಮಾನದಲ್ಲಿ ಎರಡು ಜಾತಿ. ಸಾಮಾನ್ಯ ವಿಮಾನಕ್ಕೆ ಗಾಲಿಯ ಬದಲು ಎರಡು ತೇಲುಗಳನ್ನು ಕಟ್ಟಿದರೆ ಅದು ಫ್ಲೋಟ್ ಪ್ಲೇನ್. ವಿಮಾನದ ಒಡಲೇ ದೋಣಿಯಾಗಿದ್ದು, ಪಕ್ಕಕ್ಕೆ ವಾಲದಂತೆ ರೆಕ್ಕೆಯ ತುದಿಗೆ ಸಣ್ಣ ತೇಲುಗಳಿದ್ದರೆ ಅದು ಹಾರುವ ದೋಣಿ. ಮೇಸ್ತ್ರಿಗಳು ಮಾಡುತ್ತಿರುವ ಕ್ಯಾಟಲೀನಾ ಎರಡನೆಯ ಜಾತಿಯದು. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ತಯಾರಿಸಿದ ಈ ವಿಮಾನ 1935ರಲ್ಲಿ ಮೊದಲು ಹಾರಿತು. ಮೂರು ಸಾವಿರಕ್ಕೂ ಹೆಚ್ಚು ತಯಾರಾದವು. ವೇಗ ಕಡಿಮೆ, ಆದರೆ ಒಂದೇ ಹಾರಾಟದಲ್ಲಿ ಹಗಲು ರಾತ್ರಿ ಆಕಾಶದಲ್ಲಿರಬಲ್ಲದು. 1942ರ ಏಪ್ರಿಲ್ 4ರಂದು ಸಿಂಹಳದ ಕಡೆಗೆ ಬರುತ್ತಿದ್ದ ಜಪಾನೀ ನೌಕಾಪಡೆಯನ್ನು ಮೊದಲು ಕಂಡು ರೇಡಿಯೋ ಸುದ್ದಿ ಕಳುಹಿಸಿದ್ದು ಒಂದು ಕ್ಯಾಟಲೀನಾ. 1943ರಿಂದ 1945ರವರೆಗೆ ಆಸ್ಟ್ರೇಲಿಯದ ಪರ್ತ್‌ನಿಂದ ಸಿಂಹಳದ ಕೊಗ್ಗಲ ಕೆರೆಗೆ ನಡುವೆ ಎಲ್ಲಿಯೂ ಇಳಿಯದೆ ಟಪಾಲು ತಂದದ್ದೂ ಇದೇ ವಿಮಾನ. ಸುಮಾರು ಇಪ್ಪತ್ತೆಂಟು ಗಂಟೆಯ ಪ್ರಯಾಣ, ಮೂವರೇ ಪ್ರಯಾಣಿಕರು. ದಾರಿಯಲ್ಲಿ ಎರಡು ಸಲ ಸೂರ್ಯೋದಯ ನೋಡುತ್ತಿದ್ದರಂತೆ.

ಇದಕ್ಕೂ ನಮ್ಮ ಚಿನ್ನದ ಗಣಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಬೆಂಗಳೂರಿನ ಮೂಲಕ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಸುಪರ್ದಿಗೆ ಹೋಯಿತು, 84ನೆಯ ಏರ್ ಡಿಪೋ ಎಂದು ಹೆಸರಾಯಿತು. ಯುದ್ಧದ ವಿಮಾನಗಳೆಲ್ಲ ಅಲ್ಲಿಗೆ ರಿಪೇರಿಗೆ ಬಂದವು. ಹಾಗೆ ಪೂರ್ತಿ ಬಿಚ್ಚಿ ಜೋಡಿಸಿದ ಮೊದಲ ವಿಮಾನ ಕ್ಯಾಟಲೀನಾ. ಅವು ಇಳಿಯುತ್ತಿದ್ದುದು ಕಾರ್ಖಾನೆಯ ಹತ್ತಿರದ ಬೆಳ್ಳಂದೂರು ಕೆರೆಯ ಮೇಲೆ. ಈಚಿನ ವರ್ಷಗಳಲ್ಲಿ ನೊರೆಗೂ ಬೆಂಕಿಗೂ ಪತ್ರಿಕೆಗಳಲ್ಲಿ ಸುದ್ದಿಯಾದ ಕೆರೆ ಅದೇ. ಒಂದು ಕಾಲಕ್ಕೆ ಅದರ ನೀರು ಸೀಳಿಕೊಂಡು ವಿಮಾನ ಏಳುತ್ತಿತ್ತು.

ಮೇಸ್ತ್ರಿಗಳ ತಂದೆ ಗಣಿಯ ಕೆಲಸ ಬಿಟ್ಟು 1943ರಲ್ಲಿ ಬೆಂಗಳೂರಿಗೆ ಹೋಗಿ ಆ ಕಾರ್ಖಾನೆಯ ರಿವೆಟ್ ಗ್ಯಾಂಗಿನಲ್ಲಿ ಎರಡು ವರ್ಷ ದುಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಗಣಿಗೇ ಬಂದರು. ತಂದದ್ದು ಒಂದು ಅಲ್ಯೂಮಿನಿಯಂ ರಿವೆಟ್ ಮಾತ್ರ. ಅದು ಇಂದಿಗೂ ಒಂದು ನಶ್ಯದ ಡಬ್ಬಿಯಲ್ಲಿದೆ. ಡಬ್ಬಿ ತೆರೆದು ನಮ್ಮ ಅಂಗೈಯಲ್ಲಿ ಹಾಕಿದರು.

"ಅಪ್ಪ ಹೇಳ್ತಿದ್ದರು ಸಾರ್, ಬೇರೆ ಪ್ಲೇನಿಗೆ ರಿವೆಟ್ ಅಂದರೆ ಬರೀ ಹೊಲಿಗೆ. ಈ ಪ್ಲೇನಿಗೆ ಅದು ಪ್ರಾಣ. ಒಂದು ಸಡಿಲ ಆದರೂ ನೀರು ಒಳಗೆ."

ಈ ಮಾತು ನಿಜ. ವೇಗದಲ್ಲಿ ಇಳಿಯುವ ಒಡಲಿಗೆ ನೀರು ಕಲ್ಲಿನ ಹಾಗೆ ಬಡಿಯುತ್ತದೆ, ರಿವೆಟ್‌ಗಳು ಕಿತ್ತು ಹೋಗುತ್ತವೆ. ಕ್ಯಾಟಲೀನಾದ ಸಿಬ್ಬಂದಿ ಅಂಥ ತೂತುಗಳಿಗೆ ಜಡಿಯಲೆಂದೇ ಪೆನ್ಸಿಲ್‌ಗಳನ್ನು ಜೊತೆಯಲ್ಲಿಟ್ಟುಕೊಳ್ಳುತ್ತಿದ್ದರು.

ಇನ್ನು ಮಾದರಿಯ ವಿಷಯ. ಅದರ ಅಳತೆ ಕಾಲು ಇಂಚಿಗೆ ಒಂದು ಅಡಿ, ಅಂದರೆ 48ರಲ್ಲಿ ಒಂದು ಪಾಲು. ಬಡಗಿಗಳ ಲೆಕ್ಕದಲ್ಲಿ ಎರಡು ನೂಲಿಗೆ ಒಂದು ಅಡಿ. 104 ಅಡಿಯ ರೆಕ್ಕೆ 26 ಇಂಚಾಗುತ್ತದೆ. ಸುಮಾರು 64 ಅಡಿ ಉದ್ದದ ಒಡಲು 16 ಇಂಚು. ಆ ಅಳತೆಯಲ್ಲಿ ಮನುಷ್ಯನ ಎತ್ತರ ಸಿಪ್ಪೆ ಸುಲಿಯದ ಅಡಿಕೆಗಿಂತ ಕಡಿಮೆ. ಇಂಜಿನಿನ ಅಡ್ಡಗಲ ನಿಜದಲ್ಲಿ 48 ಇಂಚು, ಮಾದರಿಯಲ್ಲಿ ಸರಿಯಾಗಿ ಒಂದು ಇಂಚು. ಆ ಒಂದು ಇಂಚಿನ ವೃತ್ತದೊಳಗೆ ಏಳೇಳರ ಎರಡು ಸಾಲಿನಲ್ಲಿ ಹದಿನಾಲ್ಕು ಸಿಲಿಂಡರ್ ಕೂರಬೇಕು. ಪ್ರತಿ ಸಿಲಿಂಡರಿಗೂ ಗಾಳಿ ತಾಗುವ ಹಾಳೆಗಳಿರುತ್ತವೆ. ಅದಕ್ಕೆ ಸುಟ್ಟ ಮೋಟರಿನ ತಾಮ್ರದ ತಂತಿಯನ್ನು ಸಣ್ಣ ಕಡ್ಡಿಗೆ ಒತ್ತೊತ್ತಾಗಿ ಸುತ್ತಿದ್ದಾರೆ. ಬಿದಿರು ಕಡ್ಡಿ ಸೀಳುತ್ತದೆಂದು ಕೊರಗುತ್ತಿದ್ದರು. ಊರಿಗೆ ಬಂದ ಮೇಲೆ ನಾವು ಬಲಿತ ಅಡಿಕೆ ಮರದ ದಬ್ಬೆಯೊಂದನ್ನು ಪಾರ್ಸೆಲ್ ಮಾಡಿದೆವು. ಎರಡನೆಯ ಇಂಜಿನ್ ಅದರಲ್ಲಿ ಆಗಿದೆ.

ಒಡಲಿಗೆ ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ. ಬಿಳುಪು, ನಯವಾದ ಎಳೆ, ಉಳಿ ಯಾವ ದಿಕ್ಕಿಗೆ ಹೋದರೂ ಸಿಗಿಯುವುದಿಲ್ಲ. ಎರಡು ಹಲಗೆಗಳ ನಡುವೆ ದಿನಪತ್ರಿಕೆಯ ಕಾಗದವಿಟ್ಟು ಅಂಟಿಸಿ, ಒಂದೇ ತುಂಡಿನಂತೆ ಹೊರಮೈ ಕೆತ್ತಿ, ಆಮೇಲೆ ಉಳಿಯ ತುದಿ ತೂರಿಸಿದರೆ ಕಾಗದದ ಗುಂಟ ಸರಿಯಾಗಿ ಎರಡಾಗುತ್ತದೆ. ಒಳಗೆ ತೋಡಿ ಮತ್ತೆ ಜೋಡಿಸುತ್ತಾರೆ. ಇದು ಪ್ಯಾಟರ್ನ್ ಷಾಪಿನ ಹಳೆಯ ವಿದ್ಯೆ. ನಮ್ಮ ಹಲ್ಲುಚಕ್ರದ ಗುಂಬಕ್ಕೂ ಇದನ್ನೇ ಮಾಡಿದರು. ಅಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಎರಕದ ಕಬ್ಬಿಣ ಆರುವಾಗ ಅಡಿಗೆ ಸುಮಾರು ಒಂದು ನೂಲು ಕುಗ್ಗುತ್ತದೆ, ಆದ್ದರಿಂದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಅದಕ್ಕೆಂದೇ ಗುರುತು ಹಿಗ್ಗಿಸಿ ಕೊರೆದ ಬೇರೆ ಅಡಿಕೋಲು ಅವರಲ್ಲಿದೆ. "ಜೀವಮಾನವೆಲ್ಲ ಸುಳ್ಳು ಅಡಿಕೋಲಿನಲ್ಲಿ ನಿಜವಾದ ಸಾಮಾನು ಮಾಡಿದವನು ನಾನು" ಎಂದು ನಕ್ಕರು.

ಈ ತಮಾಷೆಯಲ್ಲಿ ಅವರ ಕೆಲಸದ ಮರ್ಮ ಇದೆ ಎನ್ನುವುದು ನಮಗೆ ನಿಧಾನವಾಗಿ ತಿಳಿಯಿತು. ಕ್ಯಾಟಲೀನಾದ ರೆಕ್ಕೆಯ ಹಿಂಭಾಗ ಲೋಹವಲ್ಲ, ಬಟ್ಟೆ ಬಿಗಿದು ಬಣ್ಣ ಹೊಡೆದದ್ದು. ಹಾಗಾದರೆ ಮಾದರಿಗೂ ತೆಳು ಬಟ್ಟೆ ಹಾಕಬಹುದಲ್ಲ ಎಂದು ನಾವು ಕೇಳಿದೆವು. ಅವರು ಒಂದು ತುಂಡು ಮಲ್ ಬಟ್ಟೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಅದರ ನೂಲಿನ ಎಳೆಯನ್ನು 48 ಪಾಲು ದೊಡ್ಡದು ಮಾಡಿ ನೋಡಿ, ವಿಮಾನಕ್ಕೆ ಹಗ್ಗದ ಚಾಪೆ ಹೊದಿಸಿದ ಹಾಗಾಗುತ್ತದೆ ಎಂದರು. ಆದ್ದರಿಂದ ಬಟ್ಟೆಯ ಜಾಗಕ್ಕೆ ತೆಳುವಾದ ಟಿಶ್ಯೂ ಕಾಗದ, ಅದರಡಿಯಲ್ಲಿ ಪಕ್ಕೆಲುಬಿನಂತೆ ಒಂದೊಂದು ಎಳೆ ದಾರ. ಲೋಹದ ಜಾಗಕ್ಕೆ ಅಲ್ಯೂಮಿನಿಯಂ ಟೇಪು. ಹಿಂಬದಿಯ ಗಾಜಿನ ಗುಳ್ಳೆಗಳಿಗೆ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಮರದ ಅಚ್ಚಿನ ಮೇಲೆ ಕಾಯಿಸಿ ಇಳಿಸಿದ್ದಾರೆ.

ರಿವೆಟ್‌ಗೂ ಇದೇ ಕಥೆ. ತಂದೆಯ ರಿವೆಟ್‌ನ ತಲೆಯನ್ನು ಮೈಕ್ರೋಮೀಟರಿನಲ್ಲಿ ಅಳೆದಿದ್ದಾರೆ, ಒಂದೂವರೆ ನೂಲು. ಅದರ 48ನೆಯ ಪಾಲು ತಲೆಗೂದಲಿನಷ್ಟು. ಅಷ್ಟನ್ನೇ ಮಾಡಿದರೆ ಕಾಣುವುದಿಲ್ಲ, ದೊಡ್ಡದು ಮಾಡಿದರೆ ವಿಮಾನಕ್ಕೆ ಸಿಡುಬು ಬಂದಂತೆ ಕಾಣುತ್ತದೆ. ಟೈಂಪೀಸಿನ ಸಣ್ಣ ಹಲ್ಲುಚಕ್ರವನ್ನು ಹಿಡಿಕೆಗೆ ಸಿಕ್ಕಿಸಿ ಟೇಪಿನ ಮೇಲೆ ಉರುಳಿಸುತ್ತಾರೆ. ಅಂಥವು ಮೂರು ಇವೆ. ನೀರಿಗೆ ತಾಗುವ ತಳಭಾಗದಲ್ಲಿ ರಿವೆಟ್ ಒತ್ತಾಗಿಯೂ ಜೋಡಿ ಸಾಲಾಗಿಯೂ ಇರಬೇಕಾದ್ದರಿಂದ ಅಲ್ಲಿಗೆ ಅತಿ ಸಣ್ಣ ಹಲ್ಲಿನದು. ನೇರ ಬೆಳಕಿನಲ್ಲಿ ಒಡಲು ನುಣುಪಾಗಿ ಕಾಣುತ್ತದೆ. ಕಿಟಕಿಯ ಓರೆ ಬೆಳಕಿಗೆ ತಿರುಗಿಸಿದಾಗ ಮಾತ್ರ ಸಾಲು ಸಾಲು ಮೂಡುತ್ತದೆ. ನಾವು ಹತ್ತು ಸಲ ತಿರುಗಿಸಿ ನೋಡಿದೆವೆಂದರೆ ಉತ್ಪ್ರೇಕ್ಷೆಯಲ್ಲ.

ತಳದ ನಡುವೆ ಒಂದು ಮೆಟ್ಟಿಲು ಕಡಿದಿದೆ. ಅದು ಅಲಂಕಾರಕ್ಕಲ್ಲ. ಒದ್ದೆ ಕಲ್ಲಿನ ಮೇಲೆ ಒದ್ದೆ ತಟ್ಟೆ ಇಟ್ಟು ಎತ್ತಲು ನೋಡಿದರೆ ಅದು ಅಂಟಿಕೊಳ್ಳುವುದಿಲ್ಲವೆ, ನೀರು ವಿಮಾನವನ್ನೂ ಹಾಗೇ ಹಿಡಿಯುತ್ತದೆ. ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿದಾಗ ಹಿಡಿತ ಬಿಟ್ಟು ವಿಮಾನ ಏಳುತ್ತದೆ. ಈ ಮಾದರಿ ಏಳುವುದಿಲ್ಲ. ಆದರೆ ತೇಲಬೇಕು, ಅದೂ ನಿಜವಾದ ವಿಮಾನ ಎಷ್ಟು ಮುಳುಗಿ ತೇಲುತ್ತಿತ್ತೋ ಅಷ್ಟೇ ಮುಳುಗಿ. ಅಲ್ಲಿಗೆ ಬಂತು ತೊಡಕು.

ಪೂರ್ತಿ ಹೊರೆ ಹೊತ್ತ ಕ್ಯಾಟಲೀನಾ ಸುಮಾರು 16 ಟನ್. ಉದ್ದ, ಅಗಲ, ಎತ್ತರ ಮೂರೂ 48 ಪಾಲು ಕುಗ್ಗಿದಾಗ ತೂಕ ಒಂದು ಲಕ್ಷದ ಹತ್ತು ಸಾವಿರ ಪಾಲಿಗೂ ಹೆಚ್ಚು ಕುಗ್ಗಬೇಕು. ಲೆಕ್ಕ ಹಾಕಿದರೆ 145 ಗ್ರಾಂ. ಇಂಜಿನ್, ರೆಕ್ಕೆ, ಬಣ್ಣ, ಅಂಟು ಎಲ್ಲ ಸೇರಿ ಅಷ್ಟರೊಳಗೆ ಮುಗಿಯಬೇಕು! ಒಡಲಿನ ಗೋಡೆಯನ್ನು ಒಂದು ನೂಲಿಗಿಂತ ತೆಳ್ಳಗೆ ತೋಡಿದ್ದಾರೆ; ದೀಪ ಹಿಡಿದರೆ ಒಳಗಿನಿಂದ ಕೆಂಪಗೆ ಕಾಣುತ್ತದೆ. ತೂಕ ನೋಡಲು ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಗರ ಅಂಗಡಿಗೆ ಹೋಗುತ್ತಾರೆ. ಚಿನ್ನ ತೂಗುವ ತಕ್ಕಡಿಯಲ್ಲಿ ರೆಕ್ಕೆ ತೂಗುವ ಗಿರಾಕಿ ಚಿನ್ನದ ಗಣಿಯೂರಿನಲ್ಲೂ ಇವರೊಬ್ಬರೇ ಇರಬೇಕು.

ಇದೇ ವಿಮಾನದ ಪ್ಲಾಸ್ಟಿಕ್ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿರುವ ಮೊಮ್ಮಗ ಒಂದನ್ನು ತರಿಸಿಯೂ ಕೊಟ್ಟಿದ್ದಾನೆ. ಪೆಟ್ಟಿಗೆ ಬೀರುವಿನ ಮೇಲಿದೆ, ಒಡೆದಿಲ್ಲ. ಅದರಲ್ಲಿರುವುದು ನೆಲದ ಮೇಲೂ ಇಳಿಯಬಲ್ಲ, ಗಾಲಿಯ ಕ್ಯಾಟಲೀನಾ. ತಂದೆ ಹೇಳಿದ್ದು ಕೆರೆಯ ದಡದಲ್ಲಿ ಹೊರಗಿನಿಂದ ಗಾಲಿ ಕಟ್ಟಿ ಎಳೆದು ತರುತ್ತಿದ್ದ ವಿಮಾನದ ವಿಷಯ. ಆದ್ದರಿಂದ ಇವರ ಒಡಲಿನಲ್ಲಿ ಗಾಲಿಯ ಗೂಡಿಲ್ಲ. ಮೊಮ್ಮಗನಿಗೆ ಬೇಸರವಾಗಿರಬಹುದು, ನಮಗೆ ಮೇಸ್ತ್ರಿಗಳ ಹಟವೇ ಸರಿಯೆನಿಸಿತು.

ನಾವು ಕೆಲಸ ಕೊಡಲು ಹೋದಾಗ ಅವರು ಮೊದಲು ಒಲ್ಲೆನೆಂದದ್ದನ್ನು ಇಲ್ಲಿ ಹೇಳಲೇಬೇಕು. ಎಡಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಬಲಗಣ್ಣಿಗೆ ಗ್ಲಾಕೋಮಾ, ಅದರಲ್ಲಿ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದಷ್ಟೆ. ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಅಷ್ಟರೊಳಗೆ ರಿವೆಟ್‌ನ ಕೆಲಸ ಮುಗಿಯಬೇಕು. ನಮಗೋ ನವೆಂಬರಿನಲ್ಲಿ ಹಣ್ಣು ಬರುವ ಮುನ್ನ ಚಕ್ರ ಬೇಕು. ನಾವು ಮುಖ ಸಣ್ಣದು ಮಾಡಿಕೊಂಡು ಕೂತಿರಬೇಕು. ಅವರು ಮುರಿದ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೊಂದು ಹಲ್ಲನ್ನೂ ಬೆರಳಿನಿಂದ ಸವರಿ ನೋಡಿದರು.

"ಇದಕ್ಕೆ ಕಣ್ಣು ಬೇಡ ಸಾರ್, ಕೈ ಸಾಕು. ಬೆಳಗ್ಗೆ ಹತ್ತರ ತನಕ ಬೆಳಕು ವಿಮಾನಕ್ಕೆ. ಊಟ ಆದಮೇಲೆ ನಿಮ್ಮದು."

ಹಾಗೆಯೇ ಆಯಿತು. ಮೂರು ವಾರದಲ್ಲಿ ಪ್ಯಾಟರ್ನ್ ಬಂತು. ಆ ದಿನ ಮಗಳು ಬಂಗಾರಪೇಟೆಯ ಪಾನಿಪೂರಿ ತರಿಸಿ ನಮಗೆ ಕೊಟ್ಟರು. ಅದರ ಪಾನಿ ಬರೀ ನೀರಿನಂತೆ ತಿಳಿಯಾಗಿದ್ದು ಬಾಯಿಗೆ ಹಾಕಿದಾಗ ಕಣ್ಣಲ್ಲಿ ನೀರು ಬರಿಸುತ್ತದೆ. ಇದು ವಿಷಯಾಂತರ, ಆದರೆ ಆ ಕಡೆ ಹೋಗುವವರು ಬಿಡಬೇಡಿ.

ಒಡಲಿನ ರಿವೆಟ್‌ಗಳೆಲ್ಲ ಶಸ್ತ್ರಚಿಕಿತ್ಸೆಗೆ ಎರಡು ದಿನ ಮುಂಚೆ ಮುಗಿದವು. ಈಗ ಬಲಗಣ್ಣಿಗೆ ಕೆಲಸ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ, ಅವರು ಅರ್ಧ ಕೇಳುತ್ತಿದ್ದಾರೆ. ರೆಕ್ಕೆಯನ್ನು ಒಡಲಿನ ಮೇಲೆ ಎತ್ತಿ ಹಿಡಿಯುವ ಊರುಗೋಲುಗಳು, ಪ್ರೊಪೆಲರ್, ಬಣ್ಣ ಮತ್ತು ಎರಡು ತೇಲುಗಳು ಬಾಕಿ. ನಿಜವಾದ ಕ್ಯಾಟಲೀನಾದಲ್ಲಿ ಈ ತೇಲುಗಳು ಹಾರುವಾಗ ಮೇಲಕ್ಕೆ ಮಡಿಸಿ ರೆಕ್ಕೆಯ ತುದಿಯೇ ಆಗಿಬಿಡುತ್ತವೆ. ಮಾದರಿಯಲ್ಲೂ ಮಡಿಸಬೇಕೆಂಬ ಆಸೆಯಿಂದ ಹೊಲಿಗೆ ಸೂಜಿಯ ತುಂಡುಗಳಲ್ಲಿ ಕೀಲು ಮಾಡಿದ್ದಾರೆ. ಇದುವರೆಗೆ ಆದದ್ದೆಲ್ಲ ಸೇರಿ 131 ಗ್ರಾಂ, ಉಳಿದದ್ದು 14. ಬಣ್ಣಕ್ಕೇ ಐದು ಬೇಕಾಗಬಹುದೆಂದು ಅವರ ಅಂದಾಜು.

ಕಳೆದ ವಾರ ಫೋನಿನಲ್ಲಿ ಮಾತನಾಡಿದಾಗ ಎಡ ತೇಲು ತೋಡಿ ಮುಗಿದು 2 ಗ್ರಾಂ 10 ತೂಗಿತ್ತು. ಬಲದ್ದು 2 ಗ್ರಾಂ 60. ಎರಡೂ ಸಮನಾಗದಿದ್ದರೆ ವಿಮಾನ ನೀರಿನಲ್ಲಿ ಬಲಕ್ಕೆ ವಾಲುತ್ತದೆ, ಆದ್ದರಿಂದ ಅರ್ಧ ಗ್ರಾಂ ಇನ್ನೂ ಒಳಗಿನಿಂದ ತೆಗೆಯಬೇಕಾಗಿದೆ.