ಹಳೆಯ ಸಣ್ಣ ಟ್ರ್ಯಾಕ್ಟರಿಗೆ ತಕ್ಕ ಉಪಕರಣ ಮತ್ತು ಜೋಡಣೆ

ಕಾರವಾರ ಹಾಗೂ ಅಂಕೋಲಾ ತಾಲೂಕುಗಳಲ್ಲಿ ಗದ್ದೆಗಳು ಚಿಕ್ಕವು, ದಾರಿಗಳು ಕಿರಿದು. ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ ಕೆಸರು ಉಳುಮೆ ಮುಗಿಯಬೇಕು. ಭತ್ತದ ಕೊಯ್ಲಾದ ಮೇಲೆ ಮಣ್ಣಿನ ಹಸಿ ಆರುವ ಮೊದಲೇ ಶೇಂಗಾ ಬಿತ್ತಬೇಕು. ಇಂತಹ ಕಡೆ ದೊಡ್ಡ ಟ್ರ್ಯಾಕ್ಟರಿಗಿಂತ 18ರಿಂದ 35 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರೇ ಅನುಕೂಲ. 1971ರಲ್ಲಿ ಪಿಂಜೋರಿನ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾದ 25 ಅಶ್ವಶಕ್ತಿಯ ಎಚ್.ಎಂ.ಟಿ. 2511 ಇಂತಹ ಯಂತ್ರಗಳಲ್ಲೊಂದು. ಅದರ ಓರಗೆಯ ಹಳೆಯ ಯಂತ್ರಗಳು ಕಡಿಮೆ ಬೆಲೆಗೆ ಕೈಗೆ ಬರುತ್ತವೆ. ಆದರೆ ಅವಕ್ಕೆ ಹೊಂದದ ಉಪಕರಣ ಕೊಂಡರೆ ಹಣ ಹಾಳು, ಪ್ರಾಣಕ್ಕೂ ಅಪಾಯ. ಆದುದರಿಂದ ಉಪಕರಣ ಕೊಳ್ಳುವ ಮುನ್ನ ಟ್ರ್ಯಾಕ್ಟರಿನ ಹಿಂಭಾಗವನ್ನು ಅಳೆದು ನೋಡುವುದು ಅವಶ್ಯ.

ಜೋಡಣೆಯ ವಿಧಗಳು

1. ಡ್ರಾಬಾರ್: ಟ್ರ್ಯಾಕ್ಟರಿನ ಹಿಂದೆ ಕೆಳಮಟ್ಟದಲ್ಲಿರುವ ಎಳೆಯುವ ಪಟ್ಟಿ. ಟ್ರೇಲರ್ ಮತ್ತು ಗಾಲಿಯುಳ್ಳ ಉಪಕರಣಗಳಿಗೆ ಇದು ಸಾಕು. ಹೈಡ್ರಾಲಿಕ್ ಕೆಟ್ಟಿರುವ ಟ್ರ್ಯಾಕ್ಟರಿಗೂ ಉಪಯುಕ್ತ.

2. ಮೂರು ಬಿಂದುಗಳ ಜೋಡಣೆ: ಎರಡು ಕೆಳತೋಳು, ಒಂದು ಮೇಲ್ತೋಳು. ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಈ ವ್ಯವಸ್ಥೆ 1930ರ ದಶಕದಲ್ಲಿ ಟ್ರ್ಯಾಕ್ಟರುಗಳಲ್ಲಿ ಬಳಕೆಗೆ ಬಂದಿತು. ಇದರಿಂದ ಉಪಕರಣವನ್ನು ಎತ್ತಿ ಇಳಿಸಬಹುದು. ಸಣ್ಣ ಗದ್ದೆಯ ಮೂಲೆಯಲ್ಲೂ ತಿರುಗಿಸಬಹುದು. ಉಳುವಾಗ ಮಣ್ಣಿನ ಒತ್ತಡದ ಒಂದು ಭಾಗ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಹಗುರ ಟ್ರ್ಯಾಕ್ಟರಿಗೂ ಹಿಡಿತ ದೊರೆಯುತ್ತದೆ.

ಪಿನ್ನುಗಳ ಅಳತೆ

ಮೂರು ಬಿಂದುಗಳ ಜೋಡಣೆಯಲ್ಲಿ ವರ್ಗಗಳಿವೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದನೇ ವರ್ಗ. ಇದರಲ್ಲಿ ಕೆಳತೋಳಿನ ಪಿನ್ 22 ಮಿ.ಮೀ., ಮೇಲ್ತೋಳಿನ ಪಿನ್ 19 ಮಿ.ಮೀ. ದಪ್ಪವಿರುತ್ತದೆ. ದೊಡ್ಡ ಟ್ರ್ಯಾಕ್ಟರುಗಳ ಎರಡನೇ ವರ್ಗದಲ್ಲಿ ಇವು 28 ಮತ್ತು 25 ಮಿ.ಮೀ. ಬಹಳ ಚಿಕ್ಕ ಯಂತ್ರಗಳಲ್ಲಿ ಸೊನ್ನೆ ವರ್ಗದ ಸುಮಾರು 16 ಮಿ.ಮೀ. ಪಿನ್ ಕೂಡ ಇರುವುದುಂಟು. ವರ್ಗ ಬದಲಾದಂತೆ ಕೆಳಗಿನ ಎರಡು ಪಿನ್ನುಗಳ ನಡುವಿನ ಅಂತರವೂ ಬದಲಾಗುತ್ತದೆ.

ಉಪಕರಣದ ಪಿನ್ ಸಣ್ಣದಿದ್ದು ತೋಳಿನ ತೂತು ದೊಡ್ಡದಿದ್ದರೆ ಸರಿಯಾದ ಬುಶ್ ಹಾಕಿ ಬಳಸಬಹುದು. ಪಿನ್ ದಪ್ಪವಿದೆಯೆಂದು ಅದನ್ನು ಉಜ್ಜಿ ತೆಳುಮಾಡುವುದಾಗಲೀ, ಪಿನ್ನಿನ ಬದಲು ಬೋಲ್ಟು, ಕಬ್ಬಿಣದ ಸರಳು ತೂರಿಸುವುದಾಗಲೀ ಸಲ್ಲದು. ಪಿನ್ ದಪ್ಪವಿರುವ ಉಪಕರಣ ಬಹುಮಟ್ಟಿಗೆ ಆ ಟ್ರ್ಯಾಕ್ಟರಿಗೆ ಭಾರವೂ ಆಗಿರುತ್ತದೆ.

ಉಪಕರಣಗಳ ಆಯ್ಕೆ

ಕಲ್ಟಿವೇಟರ್: 18ರಿಂದ 20 ಅಶ್ವಶಕ್ತಿಗೆ 5 ಹಲ್ಲು, 25ಕ್ಕೆ 7 ಹಲ್ಲು ಸಾಕು. 9 ಹಲ್ಲಿನದನ್ನು 35 ಅಶ್ವಶಕ್ತಿ ಮತ್ತು ಅದಕ್ಕೂ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಬಿಡಬೇಕು.

ರೋಟಾವೇಟರ್: ಶೇಂಗಾ ಬಿತ್ತನೆಗೆ ಮಣ್ಣನ್ನು ಬೇಗ ಹದಗೊಳಿಸುತ್ತದೆ. ಸುಮಾರು 25 ಅಶ್ವಶಕ್ತಿಗೆ ನಾಲ್ಕು ಅಡಿಗಿಂತ ಅಗಲವಾದುದು ಬೇಡ. ಸವೆದ ಎಂಜಿನ್ನಿಗೆ ಇನ್ನೂ ಕಿರಿದಾದುದೇ ಲೇಸು. ಪಿ.ಟಿ.ಓ. ವೇಗ ನಿಮಿಷಕ್ಕೆ 540 ಸುತ್ತು ಇದೆಯೇ, ಶಾಫ್ಟಿನ 6 ಹಲ್ಲುಗಳು ಸವೆದಿಲ್ಲವೇ ಎಂದು ನೋಡಬೇಕು.

ಕೇಜ್ ವೀಲ್: ಕೆಸರು ಉಳುಮೆಗೆ ಅಗತ್ಯ. ಆದರೆ ತಳಗಟ್ಟಿಯಿಲ್ಲದ ಗಜನಿ ಗದ್ದೆಗೆ ಟ್ರ್ಯಾಕ್ಟರ್ ಇಳಿಸಬಾರದು. ಉಪ್ಪುನೀರು ತಾಗಿದ ಉಪಕರಣಗಳನ್ನು ಅದೇ ದಿನ ಸಿಹಿನೀರಿನಿಂದ ತೊಳೆದು, ಒಣಗಿಸಿ, ಪಿನ್ನು ಮತ್ತು ಸಂದುಗಳಿಗೆ ಗ್ರೀಸು ಸವರಬೇಕು.

ಹಳೆಯ ಯಂತ್ರದ ವಿಶೇಷ ಎಚ್ಚರಿಕೆ

ಹಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒಂದೇ ಹಂತದ್ದು. ಕ್ಲಚ್ ಒತ್ತಿದರೆ ಪಿ.ಟಿ.ಓ.ಗೂ ಎಂಜಿನ್ನಿನ ಶಕ್ತಿ ನಿಲ್ಲುತ್ತದೆ. ಆದರೆ ತಿರುಗುತ್ತಿರುವ ಭಾರದ ಉಪಕರಣ ತನ್ನ ವೇಗದಿಂದ ಗೇರುಗಳ ಮೂಲಕ ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ಳಬಲ್ಲದು. ಬದುವಿನ ಅಂಚಿನಲ್ಲಿ ಇದು ಅಪಾಯಕಾರಿ. ಇಂತಹ ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟಿಗೆ ಒಂದೇ ದಿಕ್ಕಿಗೆ ಶಕ್ತಿ ಸಾಗಿಸುವ ಕಪ್ಲಿಂಗ್ ಹಾಕಿಸಬೇಕು.

ಹೈಡ್ರಾಲಿಕ್ ಪರೀಕ್ಷೆಗೆ ಉಪಕರಣವನ್ನು ಎತ್ತಿ ಎಂಜಿನ್ ನಿಲ್ಲಿಸಬೇಕು. ಅದು ಕೆಲವೇ ನಿಮಿಷಗಳಲ್ಲಿ ಕೆಳಗಿಳಿದರೆ ಎಣ್ಣೆ ಸೋರಿಕೆ ಇದೆಯೆಂದು ತಿಳಿಯಬೇಕು. ಎತ್ತಿದಾಗ ಮುಂದಿನ ಚಕ್ರಗಳು ಹಗುರವಾದರೆ ಮುಂಭಾಗಕ್ಕೆ ತೂಕ ಸೇರಿಸಬೇಕು, ಇಲ್ಲವೇ ಹಗುರ ಉಪಕರಣ ಆರಿಸಬೇಕು.

ಜೋಡಿಸುವ ಕ್ರಮ

ಮೊದಲು ಎಡ ಕೆಳತೋಳು, ನಂತರ ಎತ್ತರ ಹೊಂದಿಸಬಹುದಾದ ಬಲ ಕೆಳತೋಳು, ಕೊನೆಗೆ ಮೇಲ್ತೋಳು. ಕಳಚುವಾಗ ಇದರ ತಿರುಗುಮುರುಗು. ಪ್ರತಿ ಪಿನ್ನಿಗೂ ಕೊಕ್ಕೆಯ ಲಿಂಚ್ ಪಿನ್ ಇರಲೇಬೇಕು. ರೋಟಾವೇಟರ್ ಅತ್ತಿತ್ತ ಓಲಾಡದಂತೆ ಪಕ್ಕದ ಸರಪಳಿಗಳನ್ನು ಬಿಗಿಯಬೇಕು.

ಮಗುಚದಂತೆ ಎಚ್ಚರ

ಟ್ರೇಲರ್, ಮರದ ದಿಮ್ಮಿ ಮುಂತಾದ ಭಾರವನ್ನು ಡ್ರಾಬಾರಿನಿಂದಲೇ ಎಳೆಯಬೇಕು. ಮೇಲ್ತೋಳಿನ ಜಾಗಕ್ಕೋ ಆಕ್ಸಲಿಗೋ ಸರಪಳಿ ಕಟ್ಟಿ ಎಳೆದರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ. ತಪ್ಪಿಸಿಕೊಳ್ಳಲು ಆತನಿಗೆ ಒಂದೆರಡು ಕ್ಷಣವೂ ಸಿಗುವುದಿಲ್ಲ. ಕೆಸರಿನಲ್ಲಿ ಹೂತಾಗ ಹಿಂದಿನ ಚಕ್ರಕ್ಕೆ ದಿಮ್ಮಿ ಬಿಗಿದು ಮುಂದಕ್ಕೆ ನಡೆಸುವುದೂ ಇಷ್ಟೇ ಅಪಾಯ. ಉಪಕರಣ ಕಳಚಿ, ಹಿಮ್ಮುಖವಾಗಿ ಹೊರಗೆ ತರಲು ಯತ್ನಿಸಬೇಕು. ಆಗದಿದ್ದರೆ ಬೇರೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ತಿರುಗುವ ಪಿ.ಟಿ.ಓ. ಶಾಫ್ಟಿಗೆ ಮುಚ್ಚಳವಿರಬೇಕು. ಪಂಚೆ, ಟವೆಲು ಇಳಿಬಿಟ್ಟು ಅದರ ಬಳಿ ನಿಲ್ಲಬಾರದು.

ಉಪಕರಣ ಕೊಳ್ಳಲು ಅಥವಾ ಬಾಡಿಗೆಗೆ ತರಲು ಹೋಗುವಾಗ ಅಶ್ವಶಕ್ತಿ, ಪಿನ್ನಿನ ದಪ್ಪ, ಕೆಳ ಪಿನ್ನುಗಳ ಅಂತರ, ಪಿ.ಟಿ.ಓ. ವೇಗ ಹಾಗೂ ಕ್ಲಚ್ಚಿನ ವಿಧ, ಈ ಐದನ್ನು ಚೀಟಿಯಲ್ಲಿ ಬರೆದೊಯ್ಯುವುದು ಉತ್ತಮ. ಸಂದೇಹವಿದ್ದಲ್ಲಿ ಹತ್ತಿರದ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯ ಸಲಹೆ ಪಡೆಯಬಹುದು.