ಜಾತ್ರೆಗೂ ನೀರು, ಪ್ರವಾಸಕ್ಕೂ ನೀರು: ಗಜೇಂದ್ರಗಡ ಸೀಮೆಯ ಹೊಸ ಸವಾಲು

ಗದಗ ಜಿಲ್ಲೆಯ ಗಜೇಂದ್ರಗಡದ ಸಮೀಪ, ಬೆಟ್ಟದ ಮಗ್ಗುಲಲ್ಲಿರುವ ಕಾಲಕಾಲೇಶ್ವರ ಕ್ಷೇತ್ರಕ್ಕೆ ಜನ ಬರುವುದು ದೇವರ ದರ್ಶನಕ್ಕೆ ಮಾತ್ರವಲ್ಲ, ಅಲ್ಲಿ ಬಂಡೆಯಿಂದ ಜಿನುಗುವ ಅಂತರಗಂಗೆಯನ್ನು ಕಾಣುವುದಕ್ಕೂ ಹೌದು. ಸುತ್ತ ಮಳೆ ಕಡಿಮೆಯ ಸೀಮೆ. ನಡುವೆ ಬತ್ತದ ಒರತೆ. ಕಾಯಿ–ಕರ್ಪೂರದ ಅಂಗಡಿಯವರು, ಗಿರ್ಮಿಟ್–ಮಿರ್ಚಿ ಮಾರುವವರು, ಟಂಟಂ ಚಾಲಕರು ಎಲ್ಲರ ದುಡಿಮೆಯೂ ಈ ಭಕ್ತರನ್ನೇ ನೆಚ್ಚಿಕೊಂಡಿದೆ.

ಒರತೆಯ ಗುಟ್ಟು ಬೆಟ್ಟದ ನೆತ್ತಿಯಲ್ಲಿದೆ. ಅಲ್ಲಿ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ಇಂಗಿ, ಬಿರುಕಿಲ್ಲದ ಪದರ ಎದುರಾದಾಗ ಪಕ್ಕಕ್ಕೆ ಸರಿದು ಹೊರಬರುತ್ತದೆ. ಇಂಗಲು ಸೋನೆಮಳೆ ಬೇಕು, ಹುಲ್ಲು–ಪೊದೆಗಳ ಹೊದಿಕೆ ಬೇಕು. ಆದರೆ ವಾತಾವರಣದ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು. ಪರಿಣಾಮವಾಗಿ ಮಳೆ ಸುರಿದರೆ ಒಮ್ಮೆಲೇ ರಭಸದಿಂದ ಸುರಿಯುತ್ತದೆ. ಅಂಥ ನೀರು ಬೆಟ್ಟದಲ್ಲಿ ನಿಲ್ಲದೆ ಹಳ್ಳ ಸೇರುತ್ತದೆ.

ಬರ ಮತ್ತು ನೆರೆ ಎರಡೂ ಈ ಭಾಗಕ್ಕೆ ಹೊಸತಲ್ಲ. 2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ನದಿದಂಡೆಯ ಊರುಗಳು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಕೊಣ್ಣೂರಿನ ಬಳಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ಬಂದ್ ಆಯಿತು; ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೂ ನೀರು ನುಗ್ಗಿತು. ಹುಬ್ಬಳ್ಳಿ ಕಡೆಯಿಂದ ಬಾದಾಮಿಗೆ ಹೋಗುವವರ ದಾರಿ ಅದು. ಮುಂದೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಕಳಸಾ–ಬಂಡೂರಿ ನೀರಿಗಾಗಿ 2015ರಿಂದ ಹೋರಾಟ ನಡೆಸಿದ ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಾಡಬೇಕಾದುದೇನು? ಪ್ರವಾಸೋದ್ಯಮದ ಅಭಿವೃದ್ಧಿ ಎಂದೊಡನೆ ಸ್ವಾಗತ ಕಮಾನು, ಬಣ್ಣದ ದೀಪಗಳು ನೆನಪಾಗುವುದು ನಮ್ಮಲ್ಲಿ ವಾಡಿಕೆ. ಉತ್ತರ ಮಾತ್ರ ಹತ್ತಿರದ ಸೂಡಿಯಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 11ನೇ ಶತಮಾನದಲ್ಲಿ, ಅಲ್ಲಿ ಜೋಡು ಕಳಸದ ಗುಡಿಯ ಜತೆಗೆ ಮೆಟ್ಟಿಲುಗಳ ನಾಗಕುಂಡವೂ ನಿರ್ಮಾಣವಾಯಿತು. ಗುಡಿ ಕಟ್ಟಿದವರು ನೀರನ್ನು ಮರೆಯಲಿಲ್ಲ. ಬಹುಕಾಲ ಹಾಳುಬಿದ್ದಿದ್ದ ಈ ಕುಂಡವನ್ನು ಇತ್ತೀಚಿನ ವರ್ಷಗಳಲ್ಲಿ ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಜೀರ್ಣೋದ್ಧಾರ ಮಾಡಿದೆ. ಕಲ್ಲು ಜೋಡಿಸಿದರೆ ಅರ್ಧ ಕೆಲಸ ಮುಗಿದಂತೆ. ಕುಂಡಕ್ಕೆ ನೀರು ಬರುವ ನೆಲವನ್ನು ಒತ್ತುವರಿ, ಚರಂಡಿಗಳಿಂದ ಕಾಯುವುದು ಉಳಿದರ್ಧ. ಆ ಹೊಣೆ ಗ್ರಾಮಸ್ಥರದು, ಗ್ರಾಮ ಪಂಚಾಯಿತಿಯದು.

ಕಾಲಕಾಲೇಶ್ವರದಲ್ಲೂ ಅಷ್ಟೆ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಬೀಳದಂತೆ ನೋಡಿಕೊಂಡು, ಇಳಿಜಾರಿನಲ್ಲಿ ಇಂಗುಗುಂಡಿ, ಕಲ್ಲಿನ ತಡೆಗಳನ್ನು ಹಾಕಿದರೆ ಒರತೆಗೆ ಆಸರೆಯಾಗುತ್ತದೆ. ಉದ್ಯೋಗ ಖಾತ್ರಿಯಡಿ ರಾಜ್ಯದ ಹಲವೆಡೆ ಇಂಥ ಕೆಲಸಗಳು ನಡೆದಿವೆ. ಜಾತ್ರೆ ಬೀಳುವುದು ಚೈತ್ರದ ಉರಿಬಿಸಿಲಿನಲ್ಲಾದ್ದರಿಂದ ಮೆಟ್ಟಿಲ ದಾರಿಗೆ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಅಗತ್ಯ. ಇನ್ನು, ಭಕ್ತರು ಬಾರದ ತಿಂಗಳುಗಳಲ್ಲಿ ವ್ಯಾಪಾರಿಗಳ ಗತಿಯೇನು ಎಂಬ ಪ್ರಶ್ನೆ. ಗಜೇಂದ್ರಗಡದ ಕೈಮಗ್ಗದ ಸೀರೆಗೆ ಹೆಸರಿದೆ. ಕೋಟೆ, ಸೂಡಿ, ರೋಣದ ಗುಡಿಗಳನ್ನು ನೋಡಲು ಬಂದವರಿಗೆ ಮಗ್ಗದ ಮನೆಯ ದಾರಿ ತೋರಿಸುವವರು ಬೇಕಾಗಿದ್ದಾರೆ.