ಬಿಸಿಲಿಗೊಂದು ಸುರಂಗ, ಮಳೆಗೊಂದು ಸೂರು

ಎನೌರಾ ವೀಕ್ಷಣಾಲಯದಲ್ಲಿ ದೂರದರ್ಶಕವಿಲ್ಲ. ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ನೋಡಲು ಅಲ್ಲಿರುವುದು ಕಲ್ಲು, ಗಾಜು ಮತ್ತು ತುಕ್ಕು ಹಿಡಿದ ಕಬ್ಬಿಣ. ಜಪಾನಿನ ಒಡವಾರಾ ಬಳಿ, ಸಗಾಮಿ ಕೊಲ್ಲಿಗೆ ಮುಖಮಾಡಿದ ಗುಡ್ಡದ ಮೇಲೆ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ ಕಟ್ಟಿಸಿದ ಈ ಕಲಾತಾಣ 2017ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಮೊದಲು ಇದು ಮಿಕಾನ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ತೋಟವಾಗಿತ್ತು.

ಸುಗಿಮೊಟೊ 1948ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. ರೈಲು ಸುರಂಗದಿಂದ ಹೊರಬಂದೊಡನೆ ಕಿಟಕಿಯಾಚೆ ಕಂಡ ಇದೇ ಕಡಲು ತಮ್ಮ ಮೊದಲ ನೆನಪು ಎಂದು ಅವರು ಹೇಳಿಕೊಂಡಿದ್ದಾರೆ. ಅವರ ಛಾಯಾಚಿತ್ರಗಳ ವಸ್ತು ಕಾಲವೇ. ಚಿತ್ರಮಂದಿರಗಳ ಸರಣಿಯಲ್ಲಿ ಸಿನಿಮಾ ಶುರುವಾದಾಗ ಶಟರ್ ತೆರೆದು, ಮುಗಿದಾಗ ಮುಚ್ಚಿದರು. ಎರಡು ಗಂಟೆಯ ಸಿನಿಮಾದಲ್ಲಿ 1,72,800 ಫ್ರೇಮುಗಳಿರುತ್ತವೆ. ಅಷ್ಟೂ ಒಂದರ ಮೇಲೊಂದು ಬಿದ್ದು, ಪರದೆಯ ಜಾಗದಲ್ಲಿ ಬರಿಯ ಬಿಳುಪು ಉಳಿಯಿತು. 1980ರಲ್ಲಿ ಆರಂಭವಾದ ಸಮುದ್ರ ಸರಣಿಯಲ್ಲಿ ಅರ್ಧ ನೀರು, ಅರ್ಧ ಆಕಾಶ, ನಡುವೆ ಒಂದು ಗೆರೆ. ಆದಿಮಾನವ ಕಂಡ ನೋಟ ಇಂದಿನವರಿಗೂ ಸಿಗಬಹುದಾದರೆ ಅದು ಕಡಲೊಂದೇ ಎಂಬುದು ಆ ಸರಣಿಯ ಹಿಂದಿನ ಯೋಚನೆ.

ಆ ಚಿತ್ರಗಳು ಎನೌರಾದಲ್ಲಿ 100 ಮೀಟರ್ ಉದ್ದದ ಗ್ಯಾಲರಿಯ ಕಲ್ಲುಗೋಡೆಯ ಮೇಲಿವೆ. ಇನ್ನೊಂದು ಬದಿಗೆ ಕಂಬವಿಲ್ಲದೆ ಸಾಲಾಗಿ ನಿಂತ ಗಾಜಿನ ಹಲಗೆಗಳು. ಗ್ಯಾಲರಿಯ ತುದಿ ಕಡಲ ಕಡೆಗೆ ಚಾಚಿದೆ. ವರ್ಷದ ಅತಿ ದೀರ್ಘ ಹಗಲಿನ ದಿನ ಸೂರ್ಯ ಅಲ್ಲಿ ಪೂರ್ವದಿಂದ ಸುಮಾರು 29 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಗ್ಯಾಲರಿಯನ್ನು ಅದೇ ದಿಕ್ಕಿಗೆ ಹೂಡಲಾಗಿದೆ. ಅದರಡಿಯಲ್ಲಿ ಹಾದುಹೋಗುವ 70 ಮೀಟರ್ ಉದ್ದದ ಉಕ್ಕಿನ ಸುರಂಗ ಡಿಸೆಂಬರಿನ ಅತಿ ಕಿರಿ ಹಗಲಿನ ಸೂರ್ಯೋದಯಕ್ಕೆ ಮೀಸಲು. ಆ ಬೆಳಗ್ಗೆ ಕಿರಣ ಸುರಂಗದುದ್ದಕ್ಕೂ ಹಾದು, ಆಚೆ ಬದಿಯ ಬಂಡೆಯೊಂದನ್ನು ಬೆಳಗುತ್ತದೆ. ಕತ್ತಲ ಪೆಟ್ಟಿಗೆ, ಬೆಳಕಿಗೊಂದು ಕಿಂಡಿ: ಇದು ಕ್ಯಾಮೆರಾದ ರಚನೆಯೇ. ವ್ಯತ್ಯಾಸವೆಂದರೆ ಇಲ್ಲಿ ಶಟರ್ ಒತ್ತುವುದು ಋತು.

ತಾಣದ ಅತಿ ಪುಟ್ಟ ಕಟ್ಟಡಗಳಲ್ಲಿ ಒಂದಾದ ಚಹಾಗೃಹದ ಹೆಸರು ಉಚೋತೆನ್. ಮಳೆ, ಆಲಿಸು, ಆಕಾಶ ಎಂಬ ಮೂರು ಅಕ್ಷರಗಳನ್ನು ಕೂಡಿಸಿದ ಪದ. 16ನೇ ಶತಮಾನದ ಚಹಾಗುರು ಸೆನ್ ನೊ ರಿಕ್ಯು ಅವರದೆನ್ನಲಾದ, ಎರಡು ಚಾಪೆಯಗಲದ ತೈಯಾನ್ ಚಹಾಗೃಹದ ಅಳತೆಗಳನ್ನೇ ಇದು ಅನುಸರಿಸುತ್ತದೆ. ಮಾಡು ಮಾತ್ರ ಬೇರೆ. ತೋಟದಲ್ಲಿ ಕಿತ್ತಳೆ ತುಂಬಿಡುತ್ತಿದ್ದ ಹಳೆಯ ಕೊಟ್ಟಿಗೆಯ ತುಕ್ಕುಹಿಡಿದ ತಗಡನ್ನೇ ತಂದು ಹೊದಿಸಿದ್ದಾರೆ. ಗುಜರಿಗೆ ಹೋಗಬೇಕಿದ್ದ ವಸ್ತು ಹೀಗೆ ಚಹಾಗೃಹದ ನೆತ್ತಿಗೇರಿತು. ಕೈಗೆಟಕುವ ಸಾಮಾನ್ಯ ವಸ್ತುವಿನಲ್ಲಿ ಸೊಗಸು ಕಾಣುವುದು ರಿಕ್ಯು ಪರಂಪರೆಯ ತಿರುಳು; ಇಂದಿನ ತೋಟದ ಬದಿಯಲ್ಲಿ ಅಂಥ ವಸ್ತು ತಗಡೇ.

ಒಳಹೋಗಲು ಬಗ್ಗಿ ನುಸುಳಬೇಕಾದ ಗಿಡ್ಡ ಬಾಗಿಲು. ಅದರ ಮುಂದೆ ಮೆಟ್ಟುಗಲ್ಲಾಗಿ ಲೆನ್ಸ್ ತಯಾರಿಸುವ ಬಗೆಯ ಗಾಜಿನ ದಪ್ಪ ತುಂಡು. ಹಗಲಿರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಎಳೆಬಿಸಿಲು ಈ ಬಾಗಿಲಿನಿಂದ ಒಳನುಗ್ಗುತ್ತದೆ, ಗಾಜುಗಲ್ಲು ಹೊಳೆಯುತ್ತದೆ. ಆ ದಿನಗಳಲ್ಲಿ ಸೂರ್ಯೋದಯದ ಸ್ಥಾನ ದಿನಕ್ಕೆ ಸುಮಾರು ಅರ್ಧ ಡಿಗ್ರಿ, ಎಂದರೆ ಸೂರ್ಯಬಿಂಬದ ಅಗಲದಷ್ಟು, ಸರಿಯುತ್ತಾ ಹೋಗುತ್ತದೆ. ಜೂನ್, ಡಿಸೆಂಬರಿನಲ್ಲಿ ಅದು ಕೆಲವು ದಿನ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುವುದರಿಂದ ಗ್ಯಾಲರಿಗೂ ಸುರಂಗಕ್ಕೂ ಸ್ವಲ್ಪ ಬಿಡುವುಂಟು, ಚಹಾಗೃಹಕ್ಕೆ ಅದಿಲ್ಲ.

ನಾಗರಿಕತೆ ಅಳಿದ ಮೇಲೂ ಈ ತಾಣ ಚೆಂದದ ಪಾಳಾಗಿ ಉಳಿಯಲಿ ಎಂಬುದು ಸುಗಿಮೊಟೊ ಆಶಯ. ಕಲ್ಲು ಉಳಿದೀತು. ಈಗಾಗಲೇ ತುಕ್ಕು ತಿಂದ ತಗಡು ಅಷ್ಟು ಕಾಲ ಬಾಳದು.

ಜಪಾನಿನ ಈ ಭಾಗಕ್ಕೆ ಜೂನ್ ಮಳೆಗಾಲ. ಬೇಸಿಗೆಯ ಸೂರ್ಯನಿಗಾಗಿ ಕಟ್ಟಿದ ನೂರು ಮೀಟರಿನ ಗ್ಯಾಲರಿ ಎಷ್ಟೋ ಸಲ ಮೋಡವನ್ನೇ ನೋಡುತ್ತಾ ಆ ಬೆಳಗನ್ನು ಕಳೆಯಬೇಕು. ಅಂಥ ಬೆಳಗ್ಗೆ ಕಿತ್ತಳೆ ಕೊಟ್ಟಿಗೆಯ ತಗಡಿಗೆ ಕೆಲಸ ಸಿಗುತ್ತದೆ.